ವೀಸಾ ಅವನದು, ಸಾಲ ನಮ್ಮದು

ಅಡಿಕೆ ಮಂಡಿಯಲ್ಲಿ ದರ್ಜೆಗೊಂದು ದರ ಕಟ್ಟುತ್ತಾರೆ. ಗೊರಬಲಿಗೆ ಒಂದು, ರಾಶಿಗೆ ಒಂದು, ಬೆಟ್ಟೆಗೆ ಒಂದು, ಸರಕಿಗೆ ಒಂದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮದುವೆ ಮಾತುಕತೆಗಳಲ್ಲಿ ಗಂಡಿಗೂ ಹೀಗೆಯೇ ದರ್ಜೆಗಳಿವೆ. ತೋಟ ನೋಡಿಕೊಂಡು ಊರಲ್ಲೇ ಉಳಿದ ಹುಡುಗ ಗೊರಬಲು. ಬೆಂಗಳೂರಿನ ಕಂಪನಿಯಲ್ಲಿರುವವನು ರಾಶಿ. ವಿದೇಶಕ್ಕೆ ಓದಲು ಹೋದವನು ಬೆಟ್ಟೆ. ಓದು ಮುಗಿಸಿ, ವರ್ಕ್ ಪರ್ಮಿಟ್ ಪಡೆದು, 'ಪಿಆರ್ ಆಗ್ತಾ ಇದೆ' ಎನ್ನಿಸಿಕೊಂಡವನು ಸರಕು! 'ಹೆಣ್ಣು ಮಾರಾಟದ ಸರಕಲ್ಲ' ಎಂದು ನಾವು ದಶಕಗಳಿಂದ ಘೋಷಣೆ ಕೂಗುತ್ತಿದ್ದೇವೆ. ಗಂಡನ್ನು ಸರಕು ಮಾಡಿ, ಅದರ ಬೆಲೆಯನ್ನು ಹೆಣ್ಣಿನ ಮನೆಯಿಂದ ವಸೂಲು ಮಾಡುವುದನ್ನು ಮಾತ್ರ 'ಒಳ್ಳೆಯ ಸಂಬಂಧ' ಎಂದು ಇವತ್ತಿಗೂ ಕರೆಯುತ್ತಿದ್ದೇವೆ.

ಈ ವಸೂಲಿಯ ಭಾಷೆ ಈಗ ಬದಲಾಗಿದೆ. 'ಎಷ್ಟು ಕೊಡ್ತೀರಿ?' ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. 'ನಮಗೆ ವರದಕ್ಷಿಣೆ ಏನೂ ಬೇಡ, ದೇವರು ಕೊಟ್ಟಿದ್ದಾನೆ' ಎಂದೇ ಮಾತು ಶುರುವಾಗುತ್ತದೆ. ಕಾಫಿ ಲೋಟ ಕೆಳಗಿಡುವ ಹೊತ್ತಿಗೆ ಎರಡನೆಯ ಮಾತು ಬರುತ್ತದೆ: 'ಹುಡುಗನ ಎಜುಕೇಶನ್ ಲೋನ್ ಒಂದಿಷ್ಟು ಉಳಿದಿದೆ. ಪಿಆರ್‌ಗೆ ವಕೀಲರ ಫೀಸು, ಅದೂ ಇದೂ ಖರ್ಚಿದೆ. ನಾಳೆ ನಿಮ್ಮ ಮಗಳೇ ತಾನೇ ಅಲ್ಲಿ ಸುಖವಾಗಿರುವುದು?' ಹೆಣ್ಣಿನ ಅಪ್ಪ ತಲೆ ಆಡಿಸುತ್ತಾನೆ. ಅಮ್ಮ ಒಳಗೆ ಹೋಗಿ ಸಂಘದ ಪಾಸ್‌ಬುಕ್ ನೋಡುತ್ತಾಳೆ.

ಅಕ್ಕತಂಗಿಯರೇ, ಇದು ವರದಕ್ಷಿಣೆ. ಸಹಾಯ ಎನ್ನಲಿ, ಫೀಸು ಎನ್ನಲಿ, ಟಿಕೆಟ್ ಖರ್ಚು ಎನ್ನಲಿ, ಮದುವೆಯ ಸಲುವಾಗಿ ಗಂಡಿನ ಓದಿಗೂ ವೀಸಾಕ್ಕೂ ಹೆಣ್ಣಿನ ಮನೆಯವರು ತೆರುವ ಪ್ರತಿ ರೂಪಾಯಿಯೂ ವರದಕ್ಷಿಣೆಯೇ. ಇದರಲ್ಲಿ ಇನ್ನೊಂದು ಅನ್ಯಾಯವೂ ಅಡಗಿದೆ. ನಾವು ಕೊಟ್ಟ ದುಡ್ಡಿನಿಂದ ಹುಟ್ಟುವ ಆ ಕಾಗದದ ಮೇಲೆ ನಮ್ಮ ಮಗಳಿಗೆ ಯಾವ ಹಕ್ಕೂ ಇರುವುದಿಲ್ಲ. ಅವಳು ಅವನ ಕಾಗದದ ಬಾಲವಾಗಿ ಹೋಗುತ್ತಾಳೆ. ಅವನು ಬಾಲ ಕತ್ತರಿಸಿದ ದಿನ ಅವಳು ಬೀದಿಯಲ್ಲಿ!

ತೆರದಿಂದ ವೀಸಾದವರೆಗೆ

ವರದಕ್ಷಿಣೆ ನಮ್ಮ ಅನಾದಿ ಸಂಪ್ರದಾಯ ಎಂದು ಹೇಳುವವರಿದ್ದಾರೆ. ಅದು ಸುಳ್ಳು. ಕರ್ನಾಟಕದ ಅನೇಕ ರೈತಾಪಿ ಮತ್ತು ಕಸುಬುದಾರ ಸಮುದಾಯಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ 'ತೆರ' ಕೊಡುತ್ತಿದ್ದರು. ಹೆಣ್ಣು ಗದ್ದೆಯಲ್ಲಿ, ತೋಟದಲ್ಲಿ, ಕೊಟ್ಟಿಗೆಯಲ್ಲಿ ದುಡಿಯುತ್ತಾಳೆ, ಒಂದು ಮನೆಯ ದುಡಿಮೆ ಇನ್ನೊಂದು ಮನೆಗೆ ಹೋಗುತ್ತದೆ ಎಂಬುದನ್ನು ತೆರವಾದರೂ ಒಪ್ಪಿಕೊಳ್ಳುತ್ತಿತ್ತು. ತೆರ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಅದರಲ್ಲೂ ಹೆಣ್ಣನ್ನು ಕೇಳುವವರಿರಲಿಲ್ಲ. ಆದರೆ ಈಗಿನ ದೊಡ್ಡ ಮೊತ್ತದ ವರದಕ್ಷಿಣೆ ಶಾಸ್ತ್ರದಿಂದ ಬಂದದ್ದಲ್ಲ. ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1980ರ ದಶಕದಲ್ಲಿಯೇ ಇದನ್ನು ತೋರಿಸಿದ್ದರು. ಇಂಗ್ಲಿಷ್ ಓದು, ಸಂಬಳದ ನೌಕರಿ, ಕೈಯಲ್ಲಿ ಓಡಾಡುವ ನಗದು ಬಂದಮೇಲೆ ಓದಿದ ಗಂಡುಗಳು ಕೆಲವರೇ ಆದರು, ಅವರಿಗೆ ಬೆಲೆ ಏರಿತು, ಆ ರೋಗ ಒಂದೊಂದಾಗಿ ಎಲ್ಲ ಜಾತಿಗಳಿಗೂ ಹಬ್ಬಿತು.

ಅಂದಿನಿಂದ ಇಂದಿನವರೆಗೆ ಬದಲಾದದ್ದು ಕಾಗದ ಮಾತ್ರ. ಮೊದಲು ಬಿ.ಎ. ಸರ್ಟಿಫಿಕೇಟಿಗೆ ಬೆಲೆ. ಆಮೇಲೆ ಸರ್ಕಾರಿ ನೌಕರಿಯ ಆರ್ಡರಿಗೆ. ಆಮೇಲೆ ಇಂಜಿನಿಯರಿಂಗ್ ಸೀಟಿಗೆ, ಸಾಫ್ಟ್‌ವೇರ್ ಕಂಪನಿಯ ಬ್ಯಾಡ್ಜಿಗೆ, ಗ್ರೀನ್ ಕಾರ್ಡಿಗೆ. ಈಗ ಓದು ಮುಗಿದ ಮೇಲೆ ಸಿಗುವ ವರ್ಕ್ ಪರ್ಮಿಟ್‌ಗೆ, ಇನ್ನೂ ಬಾರದ ಪಿಆರ್‌ಗೆ! ಹಿಂದಿನವರು ಕೈಯಲ್ಲಿದ್ದ ನೌಕರಿ ತೋರಿಸಿ ಕೇಳುತ್ತಿದ್ದರು. ಈಗಿನವರು ಮುಂದೆ ಸಿಗಬಹುದಾದ ಕಾಗದ ತೋರಿಸಿ ಕೇಳುತ್ತಿದ್ದಾರೆ. ಹೂವು ಬಿಡುವ ಮೊದಲೇ ಫಸಲಿನ ದರ ಕಟ್ಟಿದಂತೆ.

ಈ ಕಾಗದ ಎಂಥದ್ದು?

ಮದುವೆ ದಲ್ಲಾಳಿಗಳು ನಮಗೆ ಹೇಳದ ವಿಷಯ ಇದು. ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕು. ವಿದೇಶದಲ್ಲಿ ಓದಲು ಹೋದವನಿಗೆ ಸಾಮಾನ್ಯವಾಗಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ವಿದ್ಯಾರ್ಥಿ ವೀಸಾ. ಎರಡನೆಯದು ಓದು ಮುಗಿದ ಮೇಲೆ ಕೆಲವು ಕಾಲ ದುಡಿಯಲು ಕೊಡುವ ಪರವಾನಗಿ. ಮೂರನೆಯದು ಖಾಯಂ ವಾಸದ ಹಕ್ಕು, ಅಂದರೆ ಪಿಆರ್. ಎರಡನೆಯ ಮೆಟ್ಟಿಲಲ್ಲಿ ನಿಂತವನು ಮೂರನೆಯದನ್ನು ಹತ್ತಿಯೇ ಹತ್ತುತ್ತಾನೆ ಎಂಬ ಭರವಸೆ ಯಾವ ದೇಶದ ಕಾನೂನಿನಲ್ಲೂ ಇಲ್ಲ.

ಅಮೆರಿಕದಲ್ಲಿ ಓದು ಮುಗಿದವನಿಗೆ 12 ತಿಂಗಳು ದುಡಿಯಲು ಬಿಡುತ್ತಾರೆ. ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ ಓದಿದವನಿಗೆ ಇನ್ನೂ 24 ತಿಂಗಳು. ಅಲ್ಲಿಗೆ ಮೂರು ವರ್ಷ. ಅಷ್ಟರೊಳಗೆ ಎಚ್-1ಬಿ ಎಂಬ ಕೆಲಸದ ವೀಸಾ ಸಿಗಬೇಕು. ಅದು ವರ್ಷಕ್ಕೆ 65,000, ಜೊತೆಗೆ ಅಮೆರಿಕದಲ್ಲೇ ಉನ್ನತ ಪದವಿ ಪಡೆದವರಿಗೆ 20,000. ಕೇಳುವವರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾದ್ದರಿಂದ ಬಹಳ ವರ್ಷಗಳಿಂದ ಅದು ಚೀಟಿ ಎತ್ತಿದಂತೆಯೇ ನಡೆದಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು, ದೇಶದ ಹೊರಗಿನಿಂದ ಹೊಸದಾಗಿ ಕರೆಸಿಕೊಳ್ಳುವ ನೌಕರರ ಎಚ್-1ಬಿ ಅರ್ಜಿಗೆ ಕಂಪನಿಗಳು 1 ಲಕ್ಷ ಡಾಲರ್ ಕಟ್ಟಬೇಕೆಂದು ಆದೇಶ ಹೊರಡಿಸಿದರು. ಚೀಟಿ ಸಿಕ್ಕವನೂ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಲ್ಲಬೇಕು. ಯಾವ ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚು ಪಾಲಿಲ್ಲ ಎಂಬ ನಿಯಮದಿಂದ ಭಾರತೀಯರ ಸಾಲು ಉದ್ದವೋ ಉದ್ದ. ಪದವೀಧರ ನೌಕರರ ಮುಖ್ಯ ವರ್ಗಗಳಲ್ಲಿ 2025ರ ಕೊನೆಗೂ 2013ರಲ್ಲಿ ಸಾಲಿಗೆ ನಿಂತವರ ಸರದಿಯೇ ನಡೆಯುತ್ತಿತ್ತು.

ಕೆನಡಾದಲ್ಲಿ ಓದಿನ ನಂತರದ ಪರ್ಮಿಟ್ ಗರಿಷ್ಠ ಮೂರು ವರ್ಷ, ಅದೂ ಜೀವಮಾನದಲ್ಲಿ ಒಂದೇ ಸಲ. 2024ರಲ್ಲಿ ಅಲ್ಲಿನ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಅದೇ ವರ್ಷ ನವೆಂಬರ್ 1ರಿಂದ ಪರ್ಮಿಟ್ ಕೊಡಲು ಭಾಷಾ ಪರೀಕ್ಷೆ ಕಡ್ಡಾಯವಾಯಿತು. ಕೆಲವು ಕೋರ್ಸುಗಳಿಗೆ ಪರ್ಮಿಟ್ಟೇ ಇಲ್ಲವಾಯಿತು. ಮೂರು ವರ್ಷದೊಳಗೆ ಅಂಕಗಳ ಲೆಕ್ಕದಲ್ಲಿ ಮೇಲೆ ಬರದಿದ್ದವನು ಗಂಟುಮೂಟೆ ಕಟ್ಟಬೇಕು.

ಇಂಗ್ಲೆಂಡಿನಲ್ಲಿ ಓದಿನ ನಂತರ ದುಡಿಯುವ ಅವಕಾಶವನ್ನು 2012ರಲ್ಲಿ ಮುಚ್ಚಿದರು, 2021ರ ಜುಲೈಯಲ್ಲಿ ಮತ್ತೆ ತೆರೆದರು. ಪದವಿ, ಸ್ನಾತಕೋತ್ತರ ಪದವಿ ಮುಗಿಸಿದವರಿಗೆ ಎರಡು ವರ್ಷ ಎಂದಿದ್ದದ್ದು 2027ರ ಜನವರಿಯಿಂದ ಹಾಕುವ ಅರ್ಜಿಗಳಿಗೆ ಹದಿನೆಂಟು ತಿಂಗಳು ಎಂದು ಸರ್ಕಾರ ಪ್ರಕಟಿಸಿದೆ. ಆ ವೀಸಾ ನೇರವಾಗಿ ಖಾಯಂ ವಾಸಕ್ಕೆ ಒಯ್ಯುವುದೂ ಇಲ್ಲ. ಆಸ್ಟ್ರೇಲಿಯಾ 2024ರ ಜುಲೈಯಲ್ಲಿ ಇಂಥ ವೀಸಾದ ವಯಸ್ಸಿನ ಮಿತಿಯನ್ನು ಸಾಮಾನ್ಯವಾಗಿ 50ರಿಂದ 35ಕ್ಕೆ ಇಳಿಸಿತು.

ಒಂದು ದೇಶದ ಮಂತ್ರಿ ಒಂದು ಸಹಿ ಹಾಕಿದರೆ ಮುಗಿದುಹೋಗುವ ಭಾಗ್ಯ ಇದು. ಇದನ್ನೇ ಖಾತ್ರಿ ಆಸ್ತಿ ಎಂದು ತೋರಿಸಿ ನಮ್ಮ ತೋಟ ಅಡವಿಡಿಸುತ್ತಿದ್ದಾರೆ. ನೆಲಕ್ಕೆ ಪಹಣಿ ಇದೆ. ಪಿಆರ್ 'ಪ್ರೊಸೆಸ್‌'ಗೆ ಯಾವ ಪಹಣಿ ಇದೆ?

ಅಲ್ಲಿ ಹೆಂಡತಿಯ ಸ್ಥಾನವೇನು?

'ಮಗಳು ಫಾರಿನ್ನಿಗೆ ಹೋಗ್ತಾಳೆ' ಎಂದು ನಾವು ಹೆಮ್ಮೆಪಡುತ್ತೇವಲ್ಲ, ಯಾವ ಕಾಗದದ ಮೇಲೆ ಹೋಗುತ್ತಾಳೆ ಎಂದು ಎಂದಾದರೂ ಕೇಳಿದ್ದೇವೆಯೇ?

ಅಮೆರಿಕದಲ್ಲಿ ಗಂಡ ವಿದ್ಯಾರ್ಥಿ ವೀಸಾದಲ್ಲಿದ್ದರೆ ಹೆಂಡತಿಗೆ ಸಿಗುವುದು ಎಫ್-2. ಗಂಡ ಓದು ಮುಗಿಸಿ ಆ ಮೂರು ವರ್ಷದ ಪರವಾನಗಿಯಲ್ಲಿ ಕೆಲಸ ಮಾಡುತ್ತಿದ್ದರೂ ಅವಳದು ಎಫ್-2 ಆಗಿಯೇ ಉಳಿಯುತ್ತದೆ. ಅದರಲ್ಲಿ ಅವಳು ಒಂದು ರೂಪಾಯಿ ದುಡಿಯುವಂತಿಲ್ಲ. ಪೂರ್ಣಾವಧಿ ಓದುವಂತಿಲ್ಲ. ಇಲ್ಲಿ ನರ್ಸ್ ಆಗಿದ್ದವಳು, ಟೀಚರ್ ಆಗಿದ್ದವಳು, ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದವಳು ಅಲ್ಲಿ ನಾಲ್ಕು ಗೋಡೆಯ ಒಳಗೆ. ಗಂಡನಿಗೆ ಎಚ್-1ಬಿ ಸಿಕ್ಕರೆ ಅವಳಿಗೆ ಎಚ್-4. ಆ ವೀಸಾದಲ್ಲಿ ಕೆಲಸಕ್ಕೆ ಅನುಮತಿ ಬಂದದ್ದೇ 2015ರಲ್ಲಿ. ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. ಅವನ ಅರ್ಜಿ ನಿಂತರೆ ಅವಳ ದುಡಿಮೆಯೂ ನಿಲ್ಲುತ್ತದೆ.

ಕೆನಡಾ ಹಿಂದೆ ವಿದ್ಯಾರ್ಥಿಗಳ ಹೆಂಡಂದಿರಿಗೆ ಧಾರಾಳವಾಗಿ ವರ್ಕ್ ಪರ್ಮಿಟ್ ಕೊಡುತ್ತಿತ್ತು. 2025ರ ಜನವರಿಯಿಂದ ಮುಖ್ಯವಾಗಿ ಡಾಕ್ಟರೇಟ್ ಅಥವಾ ಕನಿಷ್ಠ 16 ತಿಂಗಳ ಸ್ನಾತಕೋತ್ತರ ಪದವಿ ಓದುವವರ, ಕೆಲವು ವೃತ್ತಿಶಿಕ್ಷಣಗಳಲ್ಲಿ ಇರುವವರ ಸಂಗಾತಿಗಳಿಗಷ್ಟೇ ಅದು ಸಿಗುತ್ತದೆ. ದುಡಿಯುವವರ ಸಂಗಾತಿಗಳಿಗೂ ಗಂಡನ ಕೆಲಸದ ದರ್ಜೆ ನೋಡುತ್ತಾರೆ. ಇಂಗ್ಲೆಂಡಿನದು ಇನ್ನೂ ವಿಚಿತ್ರ. 2024ರ ಜನವರಿಯಿಂದ ಸಂಶೋಧನಾ ಪದವಿಯವರನ್ನು ಬಿಟ್ಟು ಬಹುತೇಕ ವಿದ್ಯಾರ್ಥಿಗಳು ಹೆಂಡತಿಯನ್ನು ಕರೆದೊಯ್ಯುವಂತಿಲ್ಲ. ಓದು ಮುಗಿಸಿ ಎರಡು ವರ್ಷದ ವೀಸಾದಲ್ಲಿರುವವನು ಊರಿಗೆ ಬಂದು ಮದುವೆಯಾದರೆ, ಆ ವೀಸಾದ ಮೇಲೆ ಹೊಸ ಹೆಂಡತಿಯನ್ನು ಕರೆಸಿಕೊಳ್ಳಲು ಬರುವುದೇ ಇಲ್ಲ! ಹದಿನೈದು ದಿನ ರಜೆ ಹಾಕಿ ಬಂದು, ತಾಳಿ ಕಟ್ಟಿ, ದುಡ್ಡು ತೆಗೆದುಕೊಂಡು, 'ವೀಸಾ ಕಳಿಸ್ತೇನೆ' ಎಂದು ಹೋದವನಿಗೆ ಇದು ಗೊತ್ತಿರುವುದಿಲ್ಲವೇ? ಗೊತ್ತಿಲ್ಲದವರು ನಾವು.

ಇನ್ನು ಜೊತೆಗೆ ಹೋದವಳ ಪಾಡು. ಬ್ಯಾಂಕ್ ಖಾತೆ ಅವನದು, ಕಾರು ಅವನದು, ಮನೆಯ ಕರಾರು ಅವನ ಹೆಸರಲ್ಲಿ, ಪಾಸ್‌ಪೋರ್ಟ್ ಅವನ ಬೀರುವಿನಲ್ಲಿ. ನೆರೆಮನೆಯ ಭಾಷೆ ಅವಳಿಗೆ ಬಾರದು. ಇಲ್ಲಿ ಗಂಡ ಹೊಡೆದರೆ ಕೂಗಿದ್ದು ಪಕ್ಕದ ಲೈನಿನವರಿಗೆ ಕೇಳಿಸುತ್ತದೆ, ಬೆಳಗ್ಗೆ ಸಂಘದ ಅಕ್ಕ ಬಂದು ವಿಚಾರಿಸುತ್ತಾಳೆ. ಅಲ್ಲಿ ಕೇಳುವವರು ಯಾರು? 'ಹೆಚ್ಚು ಮಾತಾಡಿದರೆ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಅಟ್ಟುತ್ತೇನೆ' ಎಂಬ ಒಂದೇ ಮಾತು ಸಾಕು, ದೊಣ್ಣೆಯ ಅಗತ್ಯವೇ ಇಲ್ಲ. ಅಪ್ಪನ ಸಾಲ ನೆನಪಾಗಿ ಅವಳು ಬಾಯಿ ಮುಚ್ಚುತ್ತಾಳೆ. ವರದಕ್ಷಿಣೆ ಕೊಟ್ಟದ್ದು ಅವಳ ಸುಖಕ್ಕೆ ಎಂದವರೇ ಹೇಳಿ, ಅದು ಅವಳ ಬಾಯಿಗೆ ಬೀಗವಾಯಿತೋ ಇಲ್ಲವೋ?

ಇದು ನಮ್ಮ ಕಲ್ಪನೆಯಲ್ಲ. ಇದಕ್ಕಾಗಿಯೇ ನಮ್ಮಂಥ ಹೆಂಗಸರು ಆ ದೇಶಗಳಲ್ಲಿ ಸಂಘ ಕಟ್ಟಬೇಕಾಯಿತು. ಲಂಡನ್ನಿನಲ್ಲಿ 1979ರಲ್ಲಿ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್, ಅಮೆರಿಕದ ನ್ಯೂಜೆರ್ಸಿಯಲ್ಲಿ 1985ರಲ್ಲಿ ಮಾನವಿ, ನ್ಯೂಯಾರ್ಕಿನಲ್ಲಿ 1989ರಲ್ಲಿ ಸಖಿ, ಸ್ಯಾನ್‌ಫ್ರಾನ್ಸಿಸ್ಕೋ ಸುತ್ತಮುತ್ತ 1991ರಲ್ಲಿ ಮೈತ್ರಿ ಹುಟ್ಟಿದವು. ಡಾಲರ್ ಎಣಿಸುವ ಮನೆಗಳಲ್ಲಿ ಹಿಂಸೆ ಇರದಿದ್ದರೆ ಇವು ಏಕೆ ಬೇಕಿತ್ತು? ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2018ರಲ್ಲಿ ವರದಕ್ಷಿಣೆಯ ಕಿರುಕುಳವನ್ನು ಕೌಟುಂಬಿಕ ಹಿಂಸೆಯ ಕಾನೂನಿನೊಳಗೆ ಹೆಸರಿಸಿ ಸೇರಿಸಿತು. 2019ರ ಫೆಬ್ರವರಿಯಲ್ಲಿ ಆ ದೇಶದ ಸಂಸತ್ತಿನ ಮೇಲ್ಮನೆಯ ಸಮಿತಿ ವರದಕ್ಷಿಣೆಯ ಬಗ್ಗೆಯೇ ಒಂದು ವರದಿ ಕೊಟ್ಟಿತು. ಮೆಲ್ಬರ್ನಿನ ಮನೋವೈದ್ಯೆ ಮಂಜುಳಾ ಓಕಾನರ್ ಅವರಂಥವರು ವರ್ಷಗಟ್ಟಲೆ ಹೋರಾಡಿದ ಫಲ ಅದು. ನಮ್ಮ ಮಂಟಪದಲ್ಲಿ ನಾವು ಮುಚ್ಚಿಟ್ಟದ್ದನ್ನು ಸಮುದ್ರದಾಚೆಯ ಸಂಸತ್ತು ಬಿಚ್ಚಿ ಓದಬೇಕಾಯಿತು!

ಕಾನೂನುಗಳೂ ಹೋರಾಟದಿಂದಲೇ ಬದಲಾಗಿವೆ. ಕೆನಡಾದಲ್ಲಿ 2012ರಲ್ಲಿ, ಗಂಡನ ಪ್ರಾಯೋಜನೆಯಲ್ಲಿ ಬಂದ ಅನೇಕ ಹೆಂಡಂದಿರು ಎರಡು ವರ್ಷ ಅವನ ಜೊತೆ ಇದ್ದರಷ್ಟೇ ಪಿಆರ್ ಉಳಿಯುತ್ತದೆ ಎಂಬ ಷರತ್ತು ತಂದರು. ಹೊಡೆಸಿಕೊಂಡಾದರೂ ಇರು ಎನ್ನುವ ಷರತ್ತು ಅದು. ಮಹಿಳಾ ಸಂಘಟನೆಗಳು ವಿರೋಧಿಸಿದವು, 2017ರಲ್ಲಿ ಅದನ್ನು ತೆಗೆದರು. ಇಂಗ್ಲೆಂಡಿನಲ್ಲಿ 2024ರಿಂದ, ವಿದ್ಯಾರ್ಥಿ ಅಥವಾ ಕೆಲಸದ ವೀಸಾದವನ ಹೆಂಡತಿ ಹಿಂಸೆಯಿಂದ ಹೊರಬಂದರೆ ಮೂರು ತಿಂಗಳು ಸರ್ಕಾರಿ ನೆರವಿನಲ್ಲಿ ಉಳಿಯಲು ಅನುಮತಿ ಕೇಳಬಹುದು. ಅಮೆರಿಕದ 1994ರ ಮಹಿಳಾ ದೌರ್ಜನ್ಯ ಕಾಯ್ದೆ, ಪೌರನ ಅಥವಾ ಗ್ರೀನ್ ಕಾರ್ಡ್ ಉಳ್ಳವನ ಹೆಂಡತಿಗೆ ಸ್ವತಃ ಅರ್ಜಿ ಹಾಕುವ ದಾರಿ ಕೊಟ್ಟಿತು. ವಿದ್ಯಾರ್ಥಿಯ ಹೆಂಡತಿಗೆ ಆ ಬಾಗಿಲು ತೆರೆಯುವುದಿಲ್ಲ. ಆದರೆ ಪೊಲೀಸರನ್ನು ಕರೆಯಲು ಯಾವ ವೀಸಾವೂ ಬೇಕಿಲ್ಲ. ಇದನ್ನು ಹೊರಡುವ ಪ್ರತಿ ಹುಡುಗಿಗೂ ಹೇಳಿ ಕಳಿಸಬೇಕು.

ನಾವು ಕೇಳುವ ಮೂರು ಮಾತುಗಳು

'ಇಷ್ಟಪಟ್ಟು ಕೊಟ್ಟದ್ದು ವರದಕ್ಷಿಣೆಯಾಗುತ್ತದೆಯೇ?' ಎಂಬುದು ಮೊದಲನೆಯದು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯನ್ನು ನೋಡೋಣ. ಮದುವೆಯ ಸಂಬಂಧವಾಗಿ, ಮದುವೆಗೆ ಮೊದಲು, ಮದುವೆಯಲ್ಲಿ, ಅಥವಾ ನಂತರ ಯಾವಾಗಲೇ ಆಗಲಿ, ನೇರವಾಗಿ ಅಥವಾ ಸುತ್ತುಬಳಸಿ ಕೊಟ್ಟ ಅಥವಾ ಕೊಡಲು ಒಪ್ಪಿದ ಸ್ವತ್ತೆಲ್ಲ ವರದಕ್ಷಿಣೆ ಎನ್ನುತ್ತದೆ ಅದು. ತೆಗೆದುಕೊಂಡರೆ ಕನಿಷ್ಠ 5 ವರ್ಷ ಸಜೆ, ಕೇಳಿದರೂ ಸಜೆ. ಮನೆ ಕಟ್ಟಲು ಹೆಣ್ಣಿನ ಕಡೆಯಿಂದ ಹಣ ಕೇಳಿದ್ದೂ ವರದಕ್ಷಿಣೆಯೇ ಎಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಮನೆಗೆ ಕೇಳಿದ್ದು ವರದಕ್ಷಿಣೆಯಾದರೆ, ವೀಸಾಕ್ಕೆ ಕೇಳಿದ್ದು ಪ್ರಸಾದವೇ? ಕೊಟ್ಟವರಿಗೂ ಶಿಕ್ಷೆಯಿದೆಯಲ್ಲ ಎಂದು ಹೆದರಿ ಬಾಯಿ ಮುಚ್ಚುವವರಿದ್ದಾರೆ. ನೊಂದವರು ಕೊಟ್ಟ ಹೇಳಿಕೆಯ ಆಧಾರದ ಮೇಲೆ ಅವರ ವಿರುದ್ಧವೇ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯ್ದೆಯ 7ನೇ ಕಲಮು ಹೇಳುತ್ತದೆ.

'ಓದಿದ ಹುಡುಗ, ಫಾರಿನ್ನಿನಲ್ಲಿರುವವನು, ಕೈ ಎತ್ತುತ್ತಾನೆಯೇ?' ಎಂಬುದು ಎರಡನೆಯದು. ಕೈ ಎತ್ತದೆಯೂ ಕೈಬಿಡಬಹುದು. ಊರಲ್ಲಿ ಮದುವೆಯಾಗಿ, ಅಲ್ಲಿನ ಕೋರ್ಟಿನಿಂದ ವಿಚ್ಛೇದನದ ಕಾಗದ ಕಳಿಸುವುದು ಹೊಸ ಕಥೆಯಲ್ಲ. ತಿರುಪತಿಯಲ್ಲಿ ಮದುವೆಯಾಗಿ ಅಮೆರಿಕದ ಮಿಸೌರಿಯ ಕೋರ್ಟಿನಿಂದ ತಂದ ವಿಚ್ಛೇದನ ಇಲ್ಲಿ ನಡೆಯದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. 1994ರಲ್ಲಿ ನೀರಜಾ ಸರಾಫ್ ಪ್ರಕರಣದಲ್ಲಿ, ವಿದೇಶದಲ್ಲಿರುವ ಗಂಡಂದಿರು ಕೈಬಿಟ್ಟ ಹೆಣ್ಣುಮಕ್ಕಳ ರಕ್ಷಣೆಗೆ ಪ್ರತ್ಯೇಕ ಕಾನೂನು ಬೇಕೆಂದು ಅದೇ ಕೋರ್ಟು ಸೂಚಿಸಿತು. ಅನಿವಾಸಿಗಳ ಮದುವೆ ನೋಂದಣಿಯ ಮಸೂದೆ ರಾಜ್ಯಸಭೆಗೆ ಬಂದದ್ದು 2019ರಲ್ಲಿ. ಅದು ಕಾಯ್ದೆಯಾಗಲಿಲ್ಲ. 2024ರಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಮತ್ತೆ ಅದನ್ನೇ ಕೇಳಿತು. 1994ರಿಂದ ಲೆಕ್ಕ ಹಾಕಿ: ಮೂವತ್ತು ವರ್ಷಕ್ಕೂ ಮೇಲಾಯಿತು! ಪಾಸ್‌ಪೋರ್ಟ್ ಮೂರು ವಾರದಲ್ಲಿ ಕೊಡುವ ಸರ್ಕಾರಕ್ಕೆ ಹೆಣ್ಣಿಗೆ ಒಂದು ಕಾಯ್ದೆ ಕೊಡಲು ಮೂವತ್ತು ವರ್ಷ ಸಾಲದೇ?

ಮೂರನೆಯ ಮಾತನ್ನು ತಾಯಂದಿರು ಹೇಳುತ್ತಾರೆ, ಅದನ್ನು ತಳ್ಳಿಹಾಕುವಂತಿಲ್ಲ. 'ನಾನು ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಂಡು ಕಳೆ ಕಿತ್ತೆ, ಸುಗ್ಗಿಯಲ್ಲಿ ರಾತ್ರಿಯಿಡೀ ಅಡಿಕೆ ಸುಲಿದೆ. ನನ್ನ ಮಗಳಿಗೆ ಈ ಬಾಳು ಬೇಡ. ಅದಕ್ಕೇ ಫಾರಿನ್ ಸಂಬಂಧ.' ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ತೋಟಗಳನ್ನು ತಿನ್ನುತ್ತಿರುವಾಗ, ಕಾಡುಪ್ರಾಣಿಗಳ ಕಾಟ ಹೆಚ್ಚಿರುವಾಗ, ಮಗಳು ಹೊರಗೆ ಹೋಗಲಿ ಎನ್ನುವ ತಾಯಿಯ ಆಸೆ ನ್ಯಾಯವಾದದ್ದು. ಮಗಳ ಆಸೆಯೂ ನ್ಯಾಯವಾದದ್ದೇ. ಆದರೆ ಹೊರಗೆ ಹೋಗಲು ಅವಳಿಗೆ ಗಂಡನೇ ಏಕೆ ದಾರಿಯಾಗಬೇಕು?

ಅದೇ ದುಡ್ಡು ಅವಳ ಹೆಸರಿಗೆ

ಒಂದು ಲೆಕ್ಕ ಹಾಕೋಣ. ಅಳಿಯನ ಸಾಲ ತೀರಿಸಲು 20 ಲಕ್ಷ ಎತ್ತಿದರು ಎಂದುಕೊಳ್ಳಿ. ಶೇಕಡಾ 11ರ ಬಡ್ಡಿಯಲ್ಲಿ ವರ್ಷಕ್ಕೆ 2 ಲಕ್ಷ 20 ಸಾವಿರ ಬಡ್ಡಿಯೇ ಆಯಿತು, ತಿಂಗಳಿಗೆ 18 ಸಾವಿರಕ್ಕೂ ಹೆಚ್ಚು. ಇದನ್ನು ಕಟ್ಟುವವರು ಇಲ್ಲಿ ಮಳೆಗೆ ನೆನೆಯುವ ಅಪ್ಪ ಅಮ್ಮ. ಇದರ ಫಲವಾದ ವೀಸಾ ಇರುವುದು ಅಲ್ಲಿ ಅಳಿಯನ ಹೆಸರಿನಲ್ಲಿ. ಅದೇ ಸಾಲ ಮಗಳ ಓದಿಗಾಗಿದ್ದರೆ ಪದವಿ ಅವಳದು, ಪರ್ಮಿಟ್ ಅವಳದು, ಸಂಬಳ ಅವಳದು. ಅವಳನ್ನು 'ಅಟ್ಟುತ್ತೇನೆ' ಎನ್ನಲು ಯಾರಿಗೂ ಬಾಯಿರುವುದಿಲ್ಲ.

ಪಂಜಾಬಿನಲ್ಲಿ ಏನಾಯಿತು ನೋಡಿ. ಇಂಗ್ಲಿಷ್ ಪರೀಕ್ಷೆ ಪಾಸಾದ ಹುಡುಗಿಯ ವಿದೇಶದ ಓದಿನ ಖರ್ಚನ್ನು ಗಂಡಿನ ಮನೆಯವರೇ ಕೊಟ್ಟು ಮದುವೆ ಮಾಡಿಸಿಕೊಳ್ಳುವ ರೂಢಿ ಬಂತು. ಏಕೆಂದರೆ ಅವಳ ವೀಸಾದ ಬಾಲವಾಗಿ ಮಗ ಹೋಗಬಹುದು! ಅದೂ ವ್ಯಾಪಾರವೇ, ಅದರಲ್ಲೂ ಮೋಸ, ಜಗಳ, ಕೋರ್ಟು ಎಲ್ಲ ಇವೆ, ನಮಗೆ ಅದು ಮಾದರಿಯಲ್ಲ. ಆದರೆ ಒಂದು ಸತ್ಯವನ್ನು ಅದು ತೋರಿಸುತ್ತದೆ. ಕಾಗದ ಯಾರ ಹೆಸರಿನಲ್ಲಿದೆಯೋ ಅವರಿಗೆ ಬೆಲೆ. ಹೆಣ್ಣು ಹುಟ್ಟಿನಿಂದ ಹೊರೆಯಾಗಿದ್ದರೆ ಒಂದು ಪರೀಕ್ಷೆಯಿಂದ ಅದು ಹೇಗೆ ಬದಲಾಯಿತು?

ಮಗಳಿಗೆ ದುಡ್ಡೆಲ್ಲಿದೆ ಎನ್ನುತ್ತಾರೆ. ಅಳಿಯನಿಗೆ ಇದ್ದ ದುಡ್ಡು ಮಗಳಿಗೆ ಏಕಿಲ್ಲ? ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಇಡೀ ದೇಶಕ್ಕೆ 2005ರಲ್ಲಿ ಬಂತು. 'ಮದುವೆಗೆ ಖರ್ಚು ಮಾಡಿದ್ದೇವಲ್ಲ, ಅದೇ ನಿನ್ನ ಪಾಲು' ಎಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಆ ಖರ್ಚು ಹೋದದ್ದು ಪರರ ಮನೆಯ ಮಗನ ಫೀಸಿಗೆ. ಬ್ಯಾಂಕಿನ ಶಿಕ್ಷಣ ಸಾಲ ಮಗಳಿಗೂ ಇದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಹೀನ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಅದರ 125 ಸ್ಥಾನಗಳಲ್ಲಿ ಶೇಕಡಾ 30 ಹೆಣ್ಣುಮಕ್ಕಳಿಗೆ ಮೀಸಲು. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಇರಲು ಉಣ್ಣಲು ಹಣ ತೋರಿಸಬೇಕು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಎಲ್ಲರೂ ವಿದೇಶಕ್ಕೆ ಹೋಗಬೇಕೆಂದು ನಾವು ಹೇಳುತ್ತಿಲ್ಲ. ಮೇಲೆ ಹೇಳಿದ ಅನಿಶ್ಚಿತತೆ ಹೆಣ್ಣಿಗೂ ಇದೆ, ಸಾಲದ ಹೊರೆ ಅವಳಿಗೂ ಇದೆ. ಹೋಗದೆ ಚಿಕ್ಕಮಗಳೂರಿನಲ್ಲೋ ಶಿವಮೊಗ್ಗದಲ್ಲೋ ಓದಿ ಕೆಲಸ ಹಿಡಿದರೂ ಸರಿಯೇ. ದುಡ್ಡು ಮಾತ್ರ ಅವಳ ಕಲಿಕೆಗೆ, ಅವಳ ಹೆಸರಿಗೆ ಹೋಗಲಿ.

ಸಂಘ ಏನು ಮಾಡಬೇಕು?

ಈ ವಿಷಯ ಸಂಘಕ್ಕೆ ಏಕೆ ಎನ್ನಬೇಡಿ. 'ಮನೆ ರಿಪೇರಿ' ಎಂದು ಬರೆಸಿ ತೆಗೆದ ಸಾಲ ಗಂಡಿನ ಟಿಕೆಟ್ಟಿಗೆ ಹೋಗುವುದು ನಮಗೆ ಗೊತ್ತಿಲ್ಲವೇ? ಜಂಟಿ ಹೊಣೆಯ ಸಾಲದಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಅಂದರೆ ಯಾರೋ ಒಬ್ಬ ವರನ ಪಿಆರ್ ಖರ್ಚನ್ನು ಕಾಫಿ ಕೊಯ್ದು, ಗೊಬ್ಬರ ಹೊತ್ತು ಹತ್ತು ಹೆಂಗಸರು ತೀರಿಸುತ್ತಾರೆ. ನಮ್ಮ ಉಳಿತಾಯ ವರದಕ್ಷಿಣೆಯ ಬ್ಯಾಂಕ್ ಆಗಬಾರದು. ಗಂಡಿನ ಓದಿಗೆ, ವೀಸಾಕ್ಕೆ ಸಂಘದಿಂದ ಸಾಲವಿಲ್ಲ, ಹೆಣ್ಣುಮಗಳ ಓದಿಗೆ ಮೊದಲ ಸಾಲ ಎಂದು ಒಂದು ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯೋಣ.

ವಿದೇಶದ ಸಂಬಂಧ ಬಂದ ಮನೆಗೆ ಸಂಘದ ಇಬ್ಬರು ಹೋಗಿ ಜೊತೆಗೆ ಕುಳಿತುಕೊಳ್ಳಲಿ. ನಾಚಿಕೆಯಿಲ್ಲದೆ ಕೇಳಲಿ: ಈಗ ಯಾವ ವೀಸಾ? ಎಂದು ಮುಗಿಯುತ್ತದೆ? ಹೆಂಡತಿಯನ್ನು ಕರೆದೊಯ್ಯಲು ಈ ವೀಸಾದಲ್ಲಿ ಬರುತ್ತದೆಯೇ? ಅವಳು ಅಲ್ಲಿ ದುಡಿಯಬಹುದೇ? ಪಿಆರ್ ಅರ್ಜಿ ಹಾಕಿದ್ದರೆ ಕಾಗದ ಎಲ್ಲಿದೆ? ಸಾಲ ಎಷ್ಟು, ಯಾರ ಹೆಸರಲ್ಲಿ? ಅಡಿಕೆ ಮಾರುವಾಗ ತೂಕ ನೋಡುವ ನಾವು ಮಗಳನ್ನು ಕಳಿಸುವಾಗ ಕಾಗದ ನೋಡಬಾರದೇ?

ಮದುವೆಯಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ವಧುವಿಗೆ ಕೊಟ್ಟ ಉಡುಗೊರೆಗಳ ಪಟ್ಟಿ ಬರೆದು ಸಹಿ ಹಾಕಿಸಬೇಕೆಂದು 1985ರ ನಿಯಮಗಳೇ ಹೇಳುತ್ತವೆ. ಗಂಡಿನ ಪಾಸ್‌ಪೋರ್ಟ್, ವೀಸಾ, ಅಲ್ಲಿನ ವಿಳಾಸ, ಕೆಲಸದ ವಿವರಗಳ ಪ್ರತಿ ತವರಲ್ಲಿರಲಿ. ಹುಡುಗಿಯ ಪಾಸ್‌ಪೋರ್ಟ್ ಹುಡುಗಿಯ ಕೈಯಲ್ಲಿರಲಿ. ಅದು ಭಾರತ ಸರ್ಕಾರದ ಸ್ವತ್ತು, ಬಚ್ಚಿಡಲು ಗಂಡನಿಗೆ ಅಧಿಕಾರವಿಲ್ಲ. ಅವಳ ಹೆಸರಿನಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆಯಿರಲಿ, ವಾಪಸು ಟಿಕೆಟ್ಟಿಗಾಗುವಷ್ಟು ಹಣ ಅದರಲ್ಲಿರಲಿ.

ತೊಂದರೆಯಾದರೆ ಅವನಿರುವ ದೇಶಕ್ಕೆ ಹೋಗಿಯೇ ದೂರು ಕೊಡಬೇಕೆಂದಿಲ್ಲ. ಗಂಡನ ಮನೆ ಬಿಟ್ಟು ಬಂದವಳು ಆಶ್ರಯ ಪಡೆದ ಊರಿನಲ್ಲೇ ಕ್ರೌರ್ಯದ ದೂರು ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಿಂದಿನ 498-ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ದುಡ್ಡು ಕೊಡದಿರುವುದನ್ನೂ, ಸ್ತ್ರೀಧನ ಕಸಿದುಕೊಳ್ಳುವುದನ್ನೂ ಹಿಂಸೆ ಎನ್ನುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಅದರ ಸಂರಕ್ಷಣಾಧಿಕಾರಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ವಕೀಲರ ನೆರವು ಉಚಿತ. ಕೋರ್ಟಿನ ಆವರಣದ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ಅನಿವಾಸಿ ಗಂಡಂದಿರ ದೂರುಗಳಿಗಾಗಿ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಪ್ರತ್ಯೇಕ ವಿಭಾಗವಿದೆ. ಅರ್ಜಿ ಬರೆಯಲು ಬಾರದವರಿಗೆ ಸಂಘದ ಕಾರ್ಯದರ್ಶಿ ಬರೆದುಕೊಡಲಿ.

ಇಷ್ಟೆಲ್ಲ ಕಾನೂನು ಇದ್ದೂ ಒಂದು ಕೆಲಸ ನಮ್ಮಿಂದಲೇ ಆಗಬೇಕು. ವರನ ವೀಸಾಕ್ಕೆ ದುಡ್ಡು ಕೇಳಿದ ಮನೆಗೆ 'ಇಲ್ಲ' ಎನ್ನಬೇಕು. ಒಬ್ಬಳು ತಾಯಿ ಹೇಳಿದರೆ ಅವಳನ್ನು ಗಯ್ಯಾಳಿ ಎನ್ನುತ್ತಾರೆ. ಊರಿನ ಎಲ್ಲ ಸಂಘಗಳೂ ಹೇಳಿದರೆ ಕೇಳುವವರೇ ಬಾಯಿ ಮುಚ್ಚುತ್ತಾರೆ. ಬರುವ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿ ಏಳುವ ಮೊದಲು ಈ ವಿಷಯ ಎತ್ತಿ. ನಿರ್ಣಯಕ್ಕೆ ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ಈ ಸಲ ಆ ಹೆಬ್ಬೆಟ್ಟು ಸಾಲದ ಪತ್ರದ ಮೇಲೆ ಬೀಳದಿರಲಿ.